ಆಟದ ಗಣಕವೂ ಮನೆಯ ಬೀಗದ ಕೈಯೂ

ಪರಊರಿನಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ಬೆಲೆಬಾಳುವ ವಸ್ತುಗಳು ಎಲ್ಲಿರುತ್ತವೆ ಎಂದು ಯಾರಾದರೂ ಕೇಳಿದರೆ, ಹತ್ತು ವರ್ಷಗಳ ಹಿಂದೆ ನಾವು ಮಲಗುವ ಕೋಣೆಯ ಗಾಡ್ರೇಜ್ ಬೀರುವನ್ನು ತೋರಿಸುತ್ತಿದ್ದೆವು. ಈಗ ಅದೇ ಪ್ರಶ್ನೆಗೆ ಹಜಾರದ ಮೂಲೆಯಲ್ಲಿ ಕೆಂಪು ನೀಲಿ ದೀಪ ಮಿನುಗಿಸುತ್ತ ಕುಳಿತಿರುವ ಕಪ್ಪು ಪೆಟ್ಟಿಗೆಯನ್ನು ತೋರಿಸಬೇಕಾಗಿದೆ. ಅದು ಮಗನ ಆಟದ ಗಣಕ. ಹೆಸರಿಗೆ ಮಾತ್ರ ಅದು ಆಟದ್ದು. ಮನೆಯ ವಿದ್ಯುತ್ ಬಿಲ್ಲು ಕಟ್ಟುವುದೂ ಅದರಲ್ಲೇ, ಊರಿನ ಪಹಣಿಯ ಪ್ರತಿ ಇರುವುದೂ ಅದರಲ್ಲೇ, ಹದಿನೈದು ವರ್ಷಗಳ ಛಾಯಾಚಿತ್ರಗಳಿರುವುದೂ ಅದರಲ್ಲೇ. ಮನೆಯ ಹಿರಿಯರು, ಮಗನ ಪಾಲಿಗೆ ಅಜ್ಜ, ನಿವೃತ್ತಿಯ ನಂತರ ನುಡಿ ತಂತ್ರಾಂಶದಲ್ಲಿ ಎರಡೇ ಬೆರಳುಗಳಿಂದ ಟೈಪು ಮಾಡಿಟ್ಟ ನೂರನಲವತ್ತು ಪುಟಗಳ ನೆನಪಿನ ಬರಹವೂ ಅದರಲ್ಲೇ ಇತ್ತು. ಬೀರುವಿಗೆ ಬೀಗ ಹಾಕುವುದನ್ನು ನಾವು ಒಂದು ದಿನವೂ ಮರೆತವರಲ್ಲ. ಈ ಪೆಟ್ಟಿಗೆಗೂ ಬೀಗ ಬೇಕೆಂಬುದು ಮಾತ್ರ ನಮಗೆ ಹೊಳೆಯಲಿಲ್ಲ. ಹೊಳೆದದ್ದು ಕಳೆದ ದೀಪಾವಳಿಯ ರಜೆಯಲ್ಲಿ, ಹೊಳೆಯಬಾರದ ರೀತಿಯಲ್ಲಿ.

ಆ ಕಥೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಸಂಜೆ ಮೂರು ಗಂಟೆಯ ಸುಮಾರಿಗೆ ನಮ್ಮ ಕೂಟದ ಹಿರಿಯ ಸದಸ್ಯರೊಬ್ಬರು ದೂರವಾಣಿ ಮಾಡಿ, "ಏನ್ರಪ್ಪಾ, ನೀವು ನನಗೆ ಇಂಗ್ಲಿಷಿನಲ್ಲಿ ಬರೆಯುವುದನ್ನು ಯಾವಾಗಿನಿಂದ ಕಲಿತಿರಿ?" ಎಂದು ಕೇಳಿದರು. ನಮಗೆ ಅರ್ಥವಾಗಲಿಲ್ಲ. ನಮ್ಮ ಮಿಂಚಂಚೆಯಿಂದ ಅವರಿಗೆ ಒಂದು ಪತ್ರ ಹೋಗಿತ್ತು. ತುರ್ತು ಚಿಕಿತ್ಸೆಗೆ ಹಣ ಬೇಕಾಗಿದೆ, ಮಾತನಾಡುವ ಸ್ಥಿತಿಯಲ್ಲಿಲ್ಲ, ಈ ಕೆಳಗಿನ ಖಾತೆಗೆ ಕಳುಹಿಸಿ ಎಂದು ಅದರಲ್ಲಿತ್ತು. ಅದು ಅವರಿಗಷ್ಟೇ ಅಲ್ಲ, ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿತ್ತು. ಮೂವತ್ತು ವರ್ಷಗಳಿಂದ ಕನ್ನಡದಲ್ಲಲ್ಲದೆ ಒಂದು ಸಾಲನ್ನೂ ಅವರಿಗೆ ಬರೆಯದವರು ಏಕಾಏಕಿ ಇಂಗ್ಲಿಷಿನಲ್ಲಿ ಗೋಳು ತೋಡಿಕೊಂಡದ್ದು ಅವರಿಗೆ ಅನುಮಾನ ಹುಟ್ಟಿಸಿತು. ಅವರು ಹಣ ಕಳುಹಿಸಲಿಲ್ಲ. ಕಳುಹಿಸುವ ಮುನ್ನ ದೂರವಾಣಿ ಮಾಡಿದರು. ಆ ದಿನ ನಮ್ಮನ್ನು ಕಾಯ್ದದ್ದು ಯಾವ ತಂತ್ರಾಂಶವೂ ಅಲ್ಲ, ಒಬ್ಬ ಹಿರಿಯರ ಭಾಷಾಪ್ರಜ್ಞೆ.

ಆಮೇಲೆ ನಡೆದದ್ದು ತನಿಖೆ. ಮಗನಿಗೆ ಹದಿನಾಲ್ಕು ವರ್ಷ. ಅವನು ಗೆಳೆಯರೊಡನೆ ತಮಿಳಿನಲ್ಲಿ "ಮಚ್ಚಾ, ಇಂಗ ವಾ" ಎಂದು ಕೂಗಾಡುತ್ತ ಆಡುತ್ತಾನೆ, ಗಣಕದೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಾನೆ, ಅಜ್ಜನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದ. ಆಟಗಾರರ ಹರಟೆಯ ತಾಣದಲ್ಲಿ ಪರಿಚಯವಾದ ಒಬ್ಬ, ಆಟಕ್ಕೆ ಹೊಸ ಪೋಷಾಕುಗಳನ್ನು ಉಚಿತವಾಗಿ ಕೊಡುವ ಒಂದು ಕಡತವಿದೆ ಎಂದು ಕೊಂಡಿ ಕಳುಹಿಸಿದ್ದ. ಜೊತೆಗೆ ಒಂದು ಸೂಚನೆಯೂ ಇತ್ತು: ಆಂಟಿವೈರಸ್ ಇದನ್ನು ತಪ್ಪಾಗಿ ವೈರಸ್ ಎಂದು ಹೇಳುತ್ತದೆ, ಆದ್ದರಿಂದ ಅದನ್ನು ಮೊದಲು ಆರಿಸಿ. ಹುಡುಗ ಆರಿಸಿದ. ಗಣಕ ಅನುಮತಿ ಕೇಳಿತು, ಹುಡುಗ ಕೊಟ್ಟ. ಏಕೆಂದರೆ ಅವನು ಬಳಸುತ್ತಿದ್ದದ್ದು ಮನೆಯವರೆಲ್ಲ ಬಳಸುತ್ತಿದ್ದ ಒಂದೇ ಅಡ್ಮಿನ್ ಖಾತೆ. ಹತ್ತು ನಿಮಿಷದಲ್ಲಿ ಅವನ ಆಟದ ಖಾತೆ ಕೈತಪ್ಪಿತು. ಮೂರನೆಯ ದಿನ ನಮ್ಮ ಮಿಂಚಂಚೆಯೂ ಹೋಯಿತು.

ನಮ್ಮನ್ನು ನೋಯಿಸಿದ್ದು ಈ ಮೂರು ದಿನಗಳು. ಆಟದ ಖಾತೆ ಹೋದದ್ದು ಹುಡುಗನಿಗೆ ಮೊದಲ ದಿನವೇ ಗೊತ್ತಾಗಿತ್ತು. ಹೇಳಿದರೆ ಗಣಕವನ್ನೇ ತೆಗೆದುಬಿಡುತ್ತಾರೆ ಎಂಬ ಹೆದರಿಕೆಯಿಂದ ಹೇಳಿರಲಿಲ್ಲ. ಹೆದರಿಕೆಗೆ ಆಧಾರವಿತ್ತು. ಪರೀಕ್ಷೆಯ ಅಂಕ ಕಡಿಮೆಯಾದಾಗಲೆಲ್ಲ ನಾವು ಹೇಳುತ್ತಿದ್ದ ಮೊದಲ ಮಾತು ಅದೇ ಆಗಿತ್ತು.

ಈ ಪ್ರಸಂಗವನ್ನು ಕೂಟದ ತಿಂಗಳ ಸಭೆಯಲ್ಲಿ ಹೇಳಿಕೊಂಡಾಗ ಎರಡು ಬಗೆಯ ಸಲಹೆಗಳು ಬಂದವು. ಒಂದು, ಮಾರುಕಟ್ಟೆಯಲ್ಲಿ ಸಿಗುವ ಅತಿ ದುಬಾರಿ ಆಂಟಿವೈರಸ್ ಕೊಂಡು ಹಾಕಿ, ನಿಶ್ಚಿಂತೆಯಿಂದಿರಿ ಎಂಬುದು. ಇನ್ನೊಂದು, ಆಟದ ಗಣಕವನ್ನು ಮಾರಿಬಿಡಿ, ಮಕ್ಕಳಿಗೆ ಪುಸ್ತಕ ಕೊಡಿ ಎಂಬುದು. ಎರಡೂ ಸದುದ್ದೇಶದ ಸಲಹೆಗಳೇ. ಆದರೂ ಎರಡನ್ನೂ ನಾವು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ವಿವರಿಸುವುದಕ್ಕಾಗಿಯೇ ಈ ಬರಹ.

ಮೊದಲ ಸಲಹೆಯನ್ನು ನೋಡೋಣ. ನಮ್ಮ ಚೆನ್ನೈಗೆ ಈ ವಿದ್ಯೆಯಲ್ಲಿ ಒಂದು ಸ್ಥಾನವೇ ಇದೆ. ಆಂಟಿವೈರಸ್ ತಯಾರಿಸುವ ಕೆ7 ಕಂಪ್ಯೂಟಿಂಗ್ ಸಂಸ್ಥೆ 1991ರಲ್ಲಿ ಹುಟ್ಟಿದ್ದು ಈ ನಗರದಲ್ಲಿ. ಅದರ ತಂತ್ರಜ್ಞಾನ ಜಪಾನಿನ ಮನೆಮನೆಗಳ ಗಣಕಗಳಲ್ಲಿಯೂ ಕೆಲಸ ಮಾಡಿದೆ. ಆದ್ದರಿಂದ ಇಂಥ ತಂತ್ರಾಂಶಗಳೇ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಆದರೆ ಕಾವಲುಗಾರನನ್ನು ನೇಮಿಸಿದರೆ ಕಾವಲಿನ ಕೆಲಸ ಮುಗಿಯಿತು ಎಂಬ ಭಾವನೆ ಅಪಾಯಕಾರಿ. ನಮ್ಮ ಮನೆಯಲ್ಲಿಯೂ ಕಾವಲುಗಾರನಿದ್ದ. ಅವನು ಎಚ್ಚರಿಸಿಯೂ ಇದ್ದ. ಯಜಮಾನನ ಹೆಸರಿನಲ್ಲಿ ಕುಳಿತಿದ್ದ ಹುಡುಗ ಅವನನ್ನು ಮಲಗಲು ಹೇಳಿದ, ಅವನು ಮಲಗಿದ. ಇನ್ನೂ ದುಬಾರಿ ಸಂಬಳದ ಕಾವಲುಗಾರನಿದ್ದರೂ ಅವನನ್ನೂ ಮಲಗಿಸಲು ಅದೇ ಹುಡುಗನ ಕೈಯಲ್ಲಿ ಅದೇ ಬೀಗದ ಕೈ ಇರುತ್ತಿತ್ತು.

ಕಾವಲುಗಾರರೆಲ್ಲರೂ ಒಂದೇ ನಡತೆಯವರೂ ಅಲ್ಲ. ಅವಾಸ್ಟ್ ಎಂಬ ಹೆಸರಾಂತ ಆಂಟಿವೈರಸ್ ಸಂಸ್ಥೆ ತನ್ನ ಬಳಕೆದಾರರು ಯಾವ ಯಾವ ಜಾಲತಾಣಗಳಿಗೆ ಹೋಗುತ್ತಾರೆಂಬ ವಿವರವನ್ನು ಸಂಗ್ರಹಿಸಿ ತನ್ನ ಅಂಗಸಂಸ್ಥೆಯೊಂದರ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2024ರ ಫೆಬ್ರವರಿಯಲ್ಲಿ ಆ ಪ್ರಕರಣದಲ್ಲಿ ಸಂಸ್ಥೆ 1.65 ಕೋಟಿ ಡಾಲರ್ ತೆರಬೇಕೆಂದಾಯಿತು. ನಾರ್ಟನ್ ಎಂಬ ಮತ್ತೊಂದು ಪ್ರಸಿದ್ಧ ತಂತ್ರಾಂಶ 2021ರಲ್ಲಿ, ಬಳಕೆದಾರ ಒಪ್ಪಿದರೆ ಅವನ ಗ್ರಾಫಿಕ್ಸ್ ಕಾರ್ಡನ್ನು ಬಳಸಿ ಎಥೀರಿಯಂ ಎಂಬ ಗೂಢನಾಣ್ಯವನ್ನು ಗಣಿಗಾರಿಕೆ ಮಾಡುವ ಸೌಲಭ್ಯವನ್ನು ಸೇರಿಸಿತು. ಗಳಿಕೆಯಲ್ಲಿ ನೂರಕ್ಕೆ ಹದಿನೈದು ಪಾಲು ಸಂಸ್ಥೆಗೆ ಹೋಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಮಾತು ಪೂರ್ತಿಯಾಗಿ ಹೊಂದದಿದ್ದರೂ, ಬೇಲಿಗೂ ಹಸಿವಿರಬಹುದು ಎಂಬ ಅರಿವು ಕೊಳ್ಳುವವನಿಗೆ ಇರಬೇಕು.

ವಿಂಡೋಸ್ ಬಳಸುವವರಿಗೆ 2012ರ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವ್ಯವಸ್ಥೆಯ ಜೊತೆಗೇ ಬರುತ್ತದೆ. ಮನೆಬಳಕೆಗೆ ಅದು ಸಾಕು ಎಂಬುದು ನಮ್ಮ ಅಭಿಪ್ರಾಯ. ಬೇರೆಯದು ಬೇಕೆನಿಸಿದರೆ ಒಂದನ್ನು ಕೊಳ್ಳಬಹುದು. ಎರಡನ್ನು ಏಕಕಾಲಕ್ಕೆ ಕಾವಲಿಗೆ ನಿಲ್ಲಿಸಬಾರದು. ಎರಡೂ ಒಂದೇ ಕಡತವನ್ನು ಹಿಡಿದೆಳೆದು ಗಣಕವನ್ನು ನಿಧಾನಗೊಳಿಸುತ್ತವೆ, ಆಟ ತಡವರಿಸುತ್ತದೆ. ತಡವರಿಸಿದ ಕೂಡಲೇ ಹುಡುಗರು ಎರಡನ್ನೂ ಆರಿಸುತ್ತಾರೆ. ಇನ್ನೂ ಕೆಲವರು ವೇಗದ ಆಸೆಯಿಂದ ಇಡೀ ಆಟದ ಸಂಚಿಯನ್ನೂ ಡೌನ್‌ಲೋಡ್ ಸಂಚಿಯನ್ನೂ ತಪಾಸಣೆಯಿಂದ ಹೊರಗಿಡುತ್ತಾರೆ. ಮನೆಯ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಅದು.

ಎರಡನೆಯ ಸಲಹೆ, ಗಣಕವನ್ನೇ ಮಾರಿಬಿಡಿ ಎಂಬುದು. ಇದನ್ನು ಹೇಳುವ ಹಿರಿಯರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಹುಡುಗನ ಗೆಳೆತನದ ಅಂಗಳ ಅದು. ಸುತ್ತ ತಮಿಳು ಕೇಳುವ ಬಡಾವಣೆಯ ಮೂರನೆಯ ಮಹಡಿಯಲ್ಲಿ, ನವೆಂಬರಿನ ಮಳೆಯಲ್ಲಿ, ಹೊರಗೆ ಆಡಲು ಜಾಗವಿಲ್ಲದ ಹುಡುಗರು ಎಲ್ಲಿ ಸೇರಬೇಕು? ಅಲ್ಲದೆ ಗಣಕವನ್ನು ತೆಗೆದರೂ ಕೈಯಲ್ಲಿ ಮೊಬೈಲು ಉಳಿದೇ ಉಳಿಯುತ್ತದೆ. ಮನೆಯಲ್ಲಿ ಕಲಿಯದ ಎಚ್ಚರವನ್ನು ಅವನು ಹಾಸ್ಟೆಲಿನಲ್ಲಿ, ನಮ್ಮ ಕಣ್ಣಿಗೆ ಬೀಳದ ಕಡೆ, ಇನ್ನೂ ಹೆಚ್ಚು ಬೆಲೆ ತೆತ್ತು ಕಲಿಯಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಅದಕ್ಕೆ ಮೊದಲು ಕಳ್ಳ ಹೇಗೆ ಬಂದ, ಏನನ್ನು ಒಯ್ದ ಎಂಬುದನ್ನು ತಿಳಿಯಬೇಕು. ಜಗತ್ತಿನಲ್ಲಿ ವ್ಯಾಪಕವಾಗಿ ಹರಡಿದ ಮೊದಲ ಪಿಸಿ ವೈರಸ್ಸುಗಳಲ್ಲೊಂದಾದ 'ಬ್ರೇನ್' 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ಕೈಯಿಂದ ಹೊರಬಂದಿತ್ತು. ತಮ್ಮ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಾರೆಂದು ಅದನ್ನು ಬರೆದೆವೆಂದು ಅವರು ಹೇಳಿಕೊಂಡರು. ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಬರೆದಿಟ್ಟಿದ್ದರು. ಇಂದಿನ ಕಳ್ಳ ವಿಳಾಸ ಬಿಟ್ಟುಹೋಗುವಷ್ಟು ಮುಗ್ಧನಲ್ಲ. ಅವನು ಗಣಕವನ್ನು ಕೆಡಿಸುವುದೂ ಇಲ್ಲ. ಸದ್ದಿಲ್ಲದೆ ಬಂದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಕುಕಿಗಳನ್ನೂ ಎತ್ತಿಕೊಂಡು ಹೋಗುತ್ತಾನೆ. ಕುಕಿ ಎಂದರೆ ಸಭಾಂಗಣದ ಬಾಗಿಲಲ್ಲಿ ಒಮ್ಮೆ ಗುರುತು ತೋರಿಸಿದ ಮೇಲೆ ಕೈಗೆ ಕಟ್ಟುವ ಪಟ್ಟಿಯಿದ್ದಂತೆ. ಪಟ್ಟಿ ಕೈಯಲ್ಲಿರುವವನನ್ನು ಮತ್ತೆ ಯಾರೂ ಗುರುತು ಕೇಳುವುದಿಲ್ಲ. ಆ ಪಟ್ಟಿಯನ್ನೇ ಕದ್ದವನಿಗೆ ಪಾಸ್‌ವರ್ಡೂ ಬೇಡ, ಮೊಬೈಲಿಗೆ ಬರುವ ಗುಟ್ಟಿನ ಸಂಖ್ಯೆಯೂ ಬೇಡ. ನಮ್ಮ ಮಿಂಚಂಚೆ ಹೋದದ್ದು ಹೀಗೆ. ಮಗನೂ ನಾವೂ ಒಂದೇ ಬ್ರೌಸರನ್ನು ಬಳಸುತ್ತಿದ್ದೆವು.

ನಂಬಿಕಸ್ಥ ಅಂಗಡಿಯಿಂದ ತಂದ ಆಟವಾದರೆ ಭಯವಿಲ್ಲ ಎಂದೂ ಪೂರ್ತಿ ಹೇಳುವಂತಿಲ್ಲ. 2025ರ ಫೆಬ್ರವರಿಯಲ್ಲಿ ಸ್ಟೀಮ್ ಎಂಬ ಆಟಗಳ ಮಹಾ ಮಳಿಗೆಯಲ್ಲಿಯೇ 'ಪೈರೇಟ್‌ಫೈ' ಎಂಬ ಉಚಿತ ಆಟದೊಳಗೆ ಕಳ್ಳ ತಂತ್ರಾಂಶ ಪತ್ತೆಯಾಯಿತು. ಮಳಿಗೆಯವರು ಅದನ್ನು ತೆಗೆದುಹಾಕಿ, ಆಡಿದವರಿಗೆ ಎಚ್ಚರಿಕೆಯ ಪತ್ರ ಕಳುಹಿಸಿ, ಗಣಕವನ್ನು ಪೂರ್ತಿ ತಪಾಸಣೆ ಮಾಡಿ, ಬೇಕಾದರೆ ವ್ಯವಸ್ಥೆಯನ್ನೇ ಹೊಸದಾಗಿ ಹಾಕಿಕೊಳ್ಳಿ ಎಂದು ಸೂಚಿಸಿದರು. ಆದರೂ ಮಳಿಗೆಯ ಅಪಾಯ ಅಪರೂಪದ್ದು. ಅಪರಿಚಿತನ ಕೊಂಡಿಯ ಅಪಾಯ ದಿನನಿತ್ಯದ್ದು.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಚಾರವಿದೆ. ಗಣಕದ ವ್ಯವಸ್ಥೆಯನ್ನು ದೇವಸ್ಥಾನಕ್ಕೆ ಹೋಲಿಸಿದರೆ ಓದುಗರಿಗೆ ಸುಲಭವಾಗಬಹುದು. ಹೊರ ಪ್ರಾಕಾರಕ್ಕೆ ಎಲ್ಲರೂ ಬರಬಹುದು. ನವರಂಗದವರೆಗೆ ಭಕ್ತರು ಬರಬಹುದು. ಗರ್ಭಗುಡಿಗೆ ಅರ್ಚಕರು ಮಾತ್ರ. ನಾವು ಬಳಸುವ ಸಾಮಾನ್ಯ ತಂತ್ರಾಂಶಗಳೆಲ್ಲ ಪ್ರಾಕಾರದಲ್ಲಿ ಓಡಾಡುವಂಥವು. ಕರ್ನಲ್ ಎಂಬುದು ಗರ್ಭಗುಡಿ. ಆಂಟಿವೈರಸ್ಸಿಗೆ ಅಲ್ಲಿ ಪ್ರವೇಶವಿದೆ, ಏಕೆಂದರೆ ಅಲ್ಲಿ ನಿಲ್ಲದೆ ಎಲ್ಲವನ್ನೂ ನೋಡಲಾಗದು. ಈಚಿನ ವರ್ಷಗಳಲ್ಲಿ ಆಟಗಳೂ ಅಲ್ಲಿಗೆ ಪ್ರವೇಶ ಕೇಳುತ್ತಿವೆ. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಬಳಸುವ ಆಂಟಿಚೀಟ್ ತಂತ್ರಾಂಶಗಳಲ್ಲಿ ಹಲವು ಗರ್ಭಗುಡಿಯಲ್ಲಿಯೇ ಕೂರುತ್ತವೆ. 2020ರಲ್ಲಿ ಬಂದ ವ್ಯಾಲರೆಂಟ್ ಆಟದ ವ್ಯಾನ್‌ಗಾರ್ಡ್ ಎಂಬುದಂತೂ ಗಣಕ ಎದ್ದಾಗಲೇ ತಾನೂ ಏಳುತ್ತದೆ, ಆಟ ಆಡಲಿ ಬಿಡಲಿ. ಇದರಿಂದ ಮೋಸಗಾರರು ಕಡಿಮೆಯಾಗುತ್ತಾರೆ, ಪ್ರಾಮಾಣಿಕವಾಗಿ ಆಡುವ ಹುಡುಗರಿಗೆ ಅನುಕೂಲವಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಗರ್ಭಗುಡಿಯಲ್ಲಿ ಕೂತವನ ಒಂದು ಸಣ್ಣ ತಪ್ಪೂ ಸಣ್ಣದಾಗಿ ಉಳಿಯುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಯುಕ್ತ ಪರಿಷ್ಕರಣೆಯೊಂದರಿಂದ ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಗಣಕಗಳು ಕೆಟ್ಟು ಕುಳಿತವು, ವಿಮಾನಗಳು ನಿಂತವು. ಅದು ದಾಳಿಯಲ್ಲ, ಕಾವಲುಗಾರನ ಕೈತಪ್ಪು. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಆಂಟಿಚೀಟ್ ಚಾಲಕವನ್ನೇ ಕಳ್ಳರು ಕೈವಶ ಮಾಡಿಕೊಂಡು ಆಂಟಿವೈರಸ್ಸನ್ನು ನಿಲ್ಲಿಸಲು ಬಳಸಿದ್ದನ್ನು 2022ರ ಆಗಸ್ಟಿನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ ಬಯಲು ಮಾಡಿತ್ತು. ಅದಕ್ಕೆ ಆ ಆಟ ಗಣಕದಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ, ಚಾಲಕವನ್ನು ಕಳ್ಳರೇ ಹೊತ್ತು ತರುತ್ತಿದ್ದರು.

ಆದ್ದರಿಂದ ನಮ್ಮ ನಿಲುವು ಇದು: ಆಡುವ ಗಣಕವೂ ಬಾಳುವ ಗಣಕವೂ ಒಂದೇ ಆಗಿರಬಾರದು. ಎರಡು ಯಂತ್ರಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಬಿದ್ದಿರುವುದು ಸಾಮಾನ್ಯ. ಬ್ಯಾಂಕಿನ ವ್ಯವಹಾರ, ಮಿಂಚಂಚೆ, ಬರವಣಿಗೆಗಳಿಗೆ ಅದು ಧಾರಾಳವಾಗಿ ಸಾಕು. ಆಟ ಆಡಲು ಬೇಕಾದ ಗ್ರಾಫಿಕ್ಸ್ ಕಾರ್ಡು ಕನ್ನಡ ಟೈಪು ಮಾಡಲು ಬೇಡ.

ಒಂದೇ ಯಂತ್ರವಿದ್ದರೆ ಅದರೊಳಗೇ ಗೋಡೆ ಕಟ್ಟಬೇಕು. ಆ ಪ್ರಸಂಗದ ನಂತರ ನಾವು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇವೆ. ಮೊದಲು ಗಣಕದ ಅಂತರಜಾಲ ಸಂಪರ್ಕವನ್ನು ಕಿತ್ತೆವು. ಸೋಂಕಿಲ್ಲದ ಬೇರೊಂದು ಯಂತ್ರದಿಂದ ಎಲ್ಲ ಪಾಸ್‌ವರ್ಡುಗಳನ್ನು ಬದಲಿಸಿ, ಪ್ರತಿಯೊಂದು ಖಾತೆಯಲ್ಲಿಯೂ ಎಲ್ಲ ಸಾಧನಗಳಿಂದ ಹೊರಬರುವ ಆಜ್ಞೆ ಕೊಟ್ಟೆವು. ಕಳುವಾದ ಕೈಪಟ್ಟಿ ನಿರರ್ಥಕವಾಗುವುದು ಈ ಎರಡನೆಯ ಹೆಜ್ಜೆಯಿಂದ. ಅದೇ ಸೋಂಕಿನ ಗಣಕದಲ್ಲಿ ಕುಳಿತು ಪಾಸ್‌ವರ್ಡು ಬದಲಿಸಿದರೆ ಹೊಸದನ್ನೂ ಕಳ್ಳನ ಕೈಗೆ ಕೊಟ್ಟಂತೆಯೇ. ನಂತರ ಅಗತ್ಯದ ಕಡತಗಳನ್ನಷ್ಟೇ ಹೊರತೆಗೆದು, ಡಿಸ್ಕನ್ನು ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿದೆವು. ಹಿಂದೆ ಮೌಂಟ್ ರಸ್ತೆಯ ಪಕ್ಕದ ರಿಚಿ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡ ಗಣಕ ಇದು. ನಾಲ್ಕೈದು ಸಾವಿರ ಉಳಿಯಲಿ ಎಂದು ಆಗ ಪರವಾನಗಿಯಿಲ್ಲದ ವಿಂಡೋಸಿಗೆ ಒಪ್ಪಿಕೊಂಡಿದ್ದೆವು. ಆ ತಪ್ಪು ಅಂಗಡಿಯವನದಷ್ಟೇ ಅಲ್ಲ, ನಮ್ಮದೂ ಹೌದು. ಬೀಗವನ್ನೇ ಕಳ್ಳಸಂತೆಯಲ್ಲಿ ಕೊಂಡರೆ ಅದರ ಇನ್ನೊಂದು ಕೈ ಯಾರ ಬಳಿಯಿದೆಯೋ ಹೇಳಲಾಗದು. ಈ ಸಲ ಪರವಾನಗಿ ಕೊಂಡೆವು.

ಆಮೇಲೆ ಎರಡು ಖಾತೆಗಳನ್ನು ಮಾಡಿದೆವು. ಅಡ್ಮಿನ್ ಖಾತೆಯನ್ನು ದಿನಬಳಕೆಗೆ ನಾವೂ ಮುಟ್ಟುವುದಿಲ್ಲ. ಮಗನದು ಸಾಮಾನ್ಯ ಖಾತೆ. ಹೊಸ ತಂತ್ರಾಂಶ ವ್ಯವಸ್ಥೆಯ ಒಳಗೆ ಇಳಿಯಬೇಕಾದರೆ, ಇಲ್ಲವೇ ಆಂಟಿವೈರಸ್ ಆರಬೇಕಾದರೆ, ನಮ್ಮ ಪಾಸ್‌ವರ್ಡು ಬೇಕು. ಇದರಿಂದ ಎಲ್ಲವೂ ನಿಲ್ಲುವುದಿಲ್ಲ. ಮಗನ ಖಾತೆಯಲ್ಲಿಯೇ ಓಡುವ ಕಳ್ಳ ಮಗನ ಬ್ರೌಸರಿನಲ್ಲಿರುವುದನ್ನು ಕದಿಯಬಲ್ಲ. ಆದರೆ ಅಜ್ಜನ ಬರಹವಿರುವ ಖಾತೆಯ ಒಳಕ್ಕೆ ಅವನಿಗೆ ಸುಲಭದ ದಾರಿಯಿಲ್ಲ. ಹಾನಿಯ ಎಲ್ಲೆಯನ್ನು ಕಿರಿದುಗೊಳಿಸುವುದೇ ರಕ್ಷಣೆಯ ಅರ್ಧ ಭಾಗ. ಬ್ರೌಸರಿನಲ್ಲಿ ಪಾಸ್‌ವರ್ಡು ಉಳಿಸುವುದನ್ನು ನಿಲ್ಲಿಸಿದೆವು. ಆಟದ ಖಾತೆಗೂ ಮಿಂಚಂಚೆಗೂ ಎರಡು ಹಂತದ ದೃಢೀಕರಣ ಇಟ್ಟೆವು. ವಿಂಡೋಸಿನ ಭದ್ರತಾ ವಿಭಾಗದಲ್ಲಿ, ಗೊತ್ತಿರದ ತಂತ್ರಾಂಶಗಳು ನಮ್ಮ ಸಂಚಿಗಳಲ್ಲಿ ಬರೆಯದಂತೆ ತಡೆಯುವ ಒಂದು ಗುಂಡಿಯಿದೆ. ಸುಲಿಗೆಕೋರ ತಂತ್ರಾಂಶಗಳಿಗಾಗಿ ಇರುವ ಆ ತಡೆಯನ್ನು ಹಚ್ಚಿದೆವು. ಒಂದೆರಡು ಆಟಗಳು ತಮ್ಮ ಪ್ರಗತಿಯನ್ನು ಉಳಿಸಲಾಗದೆ ದೂರಿದವು. ಅವುಗಳಿಗೆ ಮಾತ್ರ ಅನುಮತಿ ಕೊಟ್ಟೆವು.

ಪರಿಷ್ಕರಣೆಗಳ ವಿಷಯದಲ್ಲಿ ನಮ್ಮಲ್ಲಿ ಉದಾಸೀನ ಹೆಚ್ಚು. 2017ರ ಮೇ ತಿಂಗಳಲ್ಲಿ ಲೋಕವನ್ನು ನಡುಗಿಸಿದ ವಾನಾಕ್ರೈ ದಾಳಿ ಬಳಸಿಕೊಂಡ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲಿಯೇ, ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವ ಮನೆಗಳು ವಿಂಡೋಸ್ 11ಕ್ಕೆ ಹೋಗುವ ಇಲ್ಲವೇ ವಿಸ್ತರಿತ ಬೆಂಬಲ ಪಡೆಯುವ ಕೆಲಸವನ್ನು ಮುಂದೂಡಬಾರದು. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲದಕ್ಕಿಂತ ಮುಖ್ಯವಾದದ್ದು ಪ್ರತಿಗಳನ್ನು ಇಡುವುದು. ಚೆನ್ನೈಯವರಿಗೆ ಇದನ್ನು ಕಲಿಸಲು ಕಳ್ಳನೇ ಬೇಕಿಲ್ಲ. 2015ರ ಡಿಸೆಂಬರಿನ ಪ್ರವಾಹದಲ್ಲಿ ಅಡ್ಯಾರ್ ನದಿಯ ಆಸುಪಾಸಿನ ನೆಲಮಹಡಿಗಳಲ್ಲಿ ಎಷ್ಟು ಗಣಕಗಳು, ಎಷ್ಟು ಆಲ್ಬಮ್ಮುಗಳು ನೀರಿನಲ್ಲಿ ಮುಳುಗಿದವೆಂಬುದನ್ನು ಕಂಡವರು ನಾವು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಅದನ್ನು ಮತ್ತೊಮ್ಮೆ ನೆನಪಿಸಿತು. ಬಲ್ಲವರು ಹೇಳುವ ಲೆಕ್ಕ ಸರಳ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಅಜ್ಜನ ನೂರನಲವತ್ತು ಪುಟಗಳು ನಮಗೆ ಮರಳಿ ಸಿಕ್ಕಿದ್ದು ಕಳ್ಳನಿಗೆ ಅವುಗಳ ಬೆಲೆ ಗೊತ್ತಿರಲಿಲ್ಲ ಎಂಬ ಒಂದೇ ಕಾರಣದಿಂದ. ಅವನು ಸುಲಿಗೆಕೋರನಾಗಿದ್ದು ಕಡತಗಳಿಗೆ ಬೀಗ ಜಡಿದಿದ್ದರೆ ಆ ಬರಹದ ಬೇರೊಂದು ಪ್ರತಿ ಭೂಮಿಯ ಮೇಲೆ ಇರಲಿಲ್ಲ. ಅಜ್ಜ ಈಗ ನಮ್ಮೊಡನಿಲ್ಲ, ಮತ್ತೆ ಬರೆದುಕೊಡಿ ಎಂದು ಕೇಳುವಂತೆಯೂ ಇಲ್ಲ. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಈಗ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆ. ಪ್ರತಿ ಮಾಡಿದ ಕೂಡಲೇ ಅದನ್ನು ಗಣಕದಿಂದ ಬೇರ್ಪಡಿಸಿ ಬೀರುವಿನಲ್ಲಿಡುತ್ತೇವೆ, ಏಕೆಂದರೆ ಚುಚ್ಚಿಟ್ಟ ಡಿಸ್ಕಿಗೂ ಸುಲಿಗೆಕೋರ ಬೀಗ ಜಡಿಯಬಲ್ಲ. ಇನ್ನೊಂದು ಪ್ರತಿ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನೂ ಇದರೊಡನೆಯೇ ಮಾಡಿದೆವು. ಕಡತ ಉಳಿದು ಅಕ್ಷರ ಓದಲಾಗದಿದ್ದರೆ ಅದೂ ಒಂದು ಬಗೆಯ ನಷ್ಟವೇ.

ಇನ್ನು ಆಂಟಿಚೀಟ್ ಬೇಡುವ ಆಟ. ಅದನ್ನು ನಿಷೇಧಿಸಲಿಲ್ಲ. ಮಗನನ್ನು ಕೂರಿಸಿಕೊಂಡು ಗರ್ಭಗುಡಿಯ ಹೋಲಿಕೆಯನ್ನು ಅವನಿಗೂ ಹೇಳಿದೆವು. ಅಂಥ ಆಟ ಒಂದೇ ಇರಲಿ, ಅದು ಯಾವುದೆಂದು ನೀನೇ ಆರಿಸು, ಆ ಗಣಕದಲ್ಲಿ ನಾವು ಬ್ಯಾಂಕಿನ ವ್ಯವಹಾರ ಮಾಡುವುದಿಲ್ಲ ಎಂದು ಒಪ್ಪಂದವಾಯಿತು. ಅವನು ಎರಡು ದಿನ ಯೋಚಿಸಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತಾನೇ ಅಳಿಸಿದ. ಆಜ್ಞೆಯಿಂದ ಆಗದ ಕೆಲಸ ಆಯ್ಕೆಯಿಂದ ಆಯಿತು.

ಒಪ್ಪಂದದಲ್ಲಿ ನಮ್ಮ ಪಾಲಿನದೂ ಒಂದು ಅಂಶವಿತ್ತು. ಕಾವಲನ್ನು ಆರಿಸು ಎಂದು ಯಾರೇ ಹೇಳಿದರೂ, ಏನೇ ತಪ್ಪು ನಡೆದರೂ, ಆ ಗಳಿಗೆಯಲ್ಲಿಯೇ ನಮಗೆ ಹೇಳಬೇಕು. ಹೇಳಿದ್ದಕ್ಕಾಗಿ ಗಣಕವನ್ನು ಕಿತ್ತುಕೊಳ್ಳುವುದಿಲ್ಲ. ಈ ಮಾತನ್ನು ಕೊಡುವುದು ನಮಗೆ ಸುಲಭವಾಗಿರಲಿಲ್ಲ. ಆದರೆ ಮೊದಲ ದಿನವೇ ಅವನು ಹೇಳಿದ್ದರೆ ಮೂರನೆಯ ದಿನದ ಪತ್ರ ಹೋಗುತ್ತಲೇ ಇರಲಿಲ್ಲ. ಹಣ ಕಳೆದುಕೊಂಡವರು 1930 ಸಂಖ್ಯೆಗೆ ಎಷ್ಟು ಬೇಗ ಕರೆ ಮಾಡುತ್ತಾರೋ ಅಷ್ಟು ಮಟ್ಟಿಗೆ ಅದು ಮರಳಿ ಸಿಗುವ ಆಸೆಯಿರುತ್ತದೆ. ಮನೆಯೊಳಗಿನ ಲೆಕ್ಕವೂ ಅದೇ. ತಪ್ಪು ಮಾಡಿದ ಮಗು ಎಷ್ಟು ಬೇಗ ಬಾಯಿಬಿಡುತ್ತದೋ ಹಾನಿ ಅಷ್ಟು ಕಡಿಮೆ. ಮಗು ಬಾಯಿಬಿಡುವಂತೆ ನಡೆದುಕೊಳ್ಳುವುದು ಹಿರಿಯರ ಕೈಯಲ್ಲಿದೆ. ಯಾವ ಆಂಟಿವೈರಸ್ಸಿನ ಪೆಟ್ಟಿಗೆಯಲ್ಲಿಯೂ ಅದು ಸಿಗುವುದಿಲ್ಲ.

ಕೊನೆಗೆ ಭಾಷೆಯ ಮಾತು. ನಮ್ಮ ಹಿರಿಯ ಸದಸ್ಯರನ್ನು ಅಂದು ಉಳಿಸಿದ್ದು ಇಂಗ್ಲಿಷಿನ ಪತ್ರ. ಕನ್ನಡ ನಮ್ಮ ನಡುವಿನ ಗುಟ್ಟಿನ ಗುರುತಿನಂತೆ ಕೆಲಸ ಮಾಡಿತು. ನಾವು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡೆವು. ಆದರೆ ಈ ಹೆಮ್ಮೆ ಹೆಚ್ಚು ದಿನ ಬಾಳದು. ಯಂತ್ರಗಳು ಈಗ ಒಳ್ಳೆಯ ಕನ್ನಡವನ್ನೇ ಬರೆಯುತ್ತಿವೆ, ದನಿಯನ್ನೂ ಅನುಕರಿಸುತ್ತಿವೆ. ನಾಳೆಯ ಕಳ್ಳ ನಮ್ಮ ಕುಶಲ ವಿಚಾರಿಸಿ, ಹಬ್ಬದ ಶುಭಾಶಯ ಕೋರಿ, ನಮ್ಮದೇ ಶೈಲಿಯಲ್ಲಿ ಸಾಲ ಕೇಳುತ್ತಾನೆ. ಆಗ ಉಳಿಯುವ ಉಪಾಯ ಒಂದೇ: ಹಣದ ಮಾತು ಬಂದಾಗ ಪತ್ರವನ್ನು ನಂಬದೆ, ನಮಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು. ಆ ಹಿರಿಯರು ಮಾಡಿದ್ದೂ ಅದನ್ನೇ. ಅನುಮಾನವನ್ನು ಭಾಷೆ ಹುಟ್ಟಿಸಿತು, ಅದನ್ನು ಬಗೆಹರಿಸಿದ್ದು ಆ ಕರೆ.

ಕನ್ನಡಕ್ಕೆ ಈ ವಿಷಯದಲ್ಲಿ ಇನ್ನೊಂದು ಕೆಲಸವಿದೆ. ಗಣಕ ಕೇಳುವ ಎಚ್ಚರಿಕೆಯ ಪ್ರಶ್ನೆಗಳೆಲ್ಲ ನಮ್ಮ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಬರುತ್ತವೆ. ಓದದೆಯೇ ಒಪ್ಪಿಗೆಯ ಗುಂಡಿ ಒತ್ತುವುದು ಹಿರಿಯರಿಗೂ ಕಿರಿಯರಿಗೂ ಅಭ್ಯಾಸವಾಗಿದೆ. ಕಾವ್ಯದ ಒಂದು ಪದಕ್ಕೆ ಅರ್ಧ ಗಂಟೆ ಚರ್ಚಿಸುವ ನಮ್ಮ ಕೂಟ, ಮನೆಯ ಬೀಗದ ಕೈಯನ್ನು ಕೇಳುವ ಒಂದು ವಾಕ್ಯಕ್ಕೆ ಅರ್ಧ ನಿಮಿಷವನ್ನೂ ಕೊಡಲಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಪುಸ್ತಕ ಪರಿಚಯಕ್ಕೆ ಮೊದಲು ಇಪ್ಪತ್ತು ನಿಮಿಷ ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳೋಣವೆಂದು ನಾವು ಸೂಚಿಸಿದ್ದೇವೆ. ತೋರಿಸಿ ವಿವರಿಸುವ ಕೆಲಸವನ್ನು ಮಗ ಒಪ್ಪಿಕೊಂಡಿದ್ದಾನೆ. ಆ ಹಿರಿಯ ಸದಸ್ಯರು ತಮ್ಮ ಲ್ಯಾಪ್‌ಟಾಪನ್ನು ತರುವುದಾಗಿ ಹೇಳಿದ್ದಾರೆ. ಅದರಲ್ಲಿ ಅವರ ಇಪ್ಪತ್ತು ವರ್ಷಗಳ ಅನುವಾದಗಳಿವೆಯಂತೆ. ಬೇರೆ ಪ್ರತಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರು ಕೊಂಚ ಹೊತ್ತು ಸುಮ್ಮನಿದ್ದು, "ಬರುವಾಗ ಒಂದು ಪೆನ್ ಡ್ರೈವ್ ತರಬೇಕೇನಪ್ಪಾ?" ಎಂದರು. ಎರಡು ತನ್ನಿ ಎಂದು ಹೇಳಿದ್ದೇವೆ.